ಮುಪ್ಪಿನಲ್ಲಿ ಮೈಬಲ



ಬೆಂಗಳೂರಿನ ವಾಯವ್ಯದಲ್ಲಿರುವ ಜಾಲಹಳ್ಳಿಯ ಹೆಸರನ್ನು ಕೇಳದವರು ತಮ್ಮಲ್ಲಿ ವಿರಳ. ಒಂದು ಕಾಲಕ್ಕೆ ಅದು ಹೊಲಗದ್ದೆಗಳ ನಡುವಿನ ಹಳ್ಳಿ. ೧೯೫೩ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮಷೀನ್ ಟೂಲ್ಸ್, ಅದರ ಮರುವರ್ಷವೇ ಬಂದ ಭಾರತ್ ಎಲೆಕ್ಟ್ರಾನಿಕ್ಸ್, ಇವೆರಡೂ ಅದನ್ನು ಕಾರ್ಖಾನೆಗಳ ಊರನ್ನಾಗಿ ಮಾಡಿದವು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರದ ಕೆಲಸವೂ ಆರಂಭವಾಯಿತು. ನಾಡಿನ ಮೂಲೆ ಮೂಲೆಗಳಿಂದ, ನೆರೆಯ ಪ್ರಾಂತಗಳಿಂದಲೂ, ಇಪ್ಪತ್ತು ಇಪ್ಪತ್ತೆರಡರ ತರುಣರು ಅಲ್ಲಿಗೆ ಬಂದು ಲೇತು ಹಿಡಿದರು, ಸುತ್ತಿಗೆ ಹಿಡಿದರು, ಅಲ್ಲಿಯೇ ಮನೆ ಕಟ್ಟಿಕೊಂಡು ನೆಲೆನಿಂತರು. ಕೈಗಡಿಯಾರದ ಕಂಪನಿ ೨೦೧೬ರಲ್ಲಿ ಮುಚ್ಚಿತು. ಆದರೆ ಆ ತರುಣರಲ್ಲಿ ಬಹುಮಂದಿ ಈಗಲೂ ಅಲ್ಲಿಯೇ ಇದ್ದಾರೆ. ಎಪ್ಪತ್ತು ದಾಟಿದವರು, ಎಂಬತ್ತು ಮುಟ್ಟಿದವರು.

ಬೆಳಗಿನ ಜಾವ ಆ ಬಡಾವಣೆಗಳ ಉದ್ಯಾನಗಳಿಗೆ ಹೋದರೆ ಈ ಹಿರಿಯರನ್ನು ಸಾಲುಸಾಲಾಗಿ ಕಾಣಬಹುದು. ಕಿವಿಗೆ ಮಫ್ಲರು ಸುತ್ತಿ, ಮಿತ್ರರೊಡನೆ ಲೋಕಾಭಿರಾಮವಾಗಿ ಮಾತನಾಡುತ್ತ ನಾಲ್ಕೋ ಐದೋ ಸುತ್ತು ನಡೆದು, ಕಾಫಿಯ ಹೊತ್ತಿಗೆ ಮನೆ ಸೇರುವರು. ಅವರು ಆರೋಗ್ಯದ ವಿಷಯದಲ್ಲಿ ಅಲಕ್ಷ್ಯವುಳ್ಳವರಲ್ಲ. ರಕ್ತದೊತ್ತಡ ಎಷ್ಟೆಂದು ಕೇಳಿದರೆ ಅಂಕೆಸಹಿತ ಹೇಳುವರು. ಸಕ್ಕರೆ ಎಷ್ಟೆಂದರೆ ಊಟಕ್ಕೆ ಮುಂಚಿನದು ಬೇರೆ, ಅನಂತರದ್ದು ಬೇರೆ ಎಂದು ವಿಂಗಡಿಸಿ ಹೇಳುವರು. ಆದರೆ, 'ತಮ್ಮ ಮುಷ್ಟಿಯ ಬಲವೆಷ್ಟು? ಕೈ ಊರದೆ ಕುರ್ಚಿಯಿಂದ ಐದು ಬಾರಿ ಏಳಲು ತಮಗೆ ಎಷ್ಟು ಸೆಕೆಂಡು ಹಿಡಿಯುತ್ತದೆ?' ಎಂದು ಕೇಳಿದರೆ ಉತ್ತರ ಬಾರದು. ಕಬ್ಬಿಣದ ಚೂರನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ಅಳೆಯುವುದರಲ್ಲಿ ಆಯುಷ್ಯವನ್ನು ಸವೆಸಿದ ಜನ ಇವರು. ತಮ್ಮ ಶರೀರದ ಈ ಒಂದು ಅಳತೆ ಮಾತ್ರ ಅವರಿಗೆ ತಿಳಿಯದು. ತಪ್ಪು ಅವರದಲ್ಲ. ಅದನ್ನು ಅಳೆಯಬೇಕೆಂದು ಅವರಿಗೆ ಹೇಳಿದವರೇ ಕಡಿಮೆ.

ಈ ಅಳತೆಗೆ ಎಷ್ಟು ಬೆಲೆಯುಂಟೆಂಬುದು ಸುಸ್ಪಷ್ಟವಾದದ್ದು ಈಚೆಗೆ. ಹದಿನೇಳು ದೇಶಗಳಲ್ಲಿ ಒಂದು ಲಕ್ಷ ಮೂವತ್ತೊಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸುಮಾರು ನಾಲ್ಕು ವರ್ಷ ಹಿಂಬಾಲಿಸಿ ನೋಡಿದ ಒಂದು ದೊಡ್ಡ ಅಧ್ಯಯನದ ಫಲ ೨೦೧೫ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. 'ಪ್ಯೂರ್' ಎಂಬ ಹೆಸರಿನ ಈ ಅಧ್ಯಯನದಲ್ಲಿ ನಮ್ಮ ದೇಶವೂ ಸೇರಿತ್ತು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಅದರ ಒಂದು ಕೇಂದ್ರವಾಗಿತ್ತು. ಮೂವತ್ತೈದರಿಂದ ಎಪ್ಪತ್ತರವರೆಗಿನ ಸ್ತ್ರೀಪುರುಷರ ಕೈಗೆ ಡೈನಮಾಮೀಟರ್ ಎಂಬ ಬಲಮಾಪಕವನ್ನು ಕೊಟ್ಟು, ಬಲವಿದ್ದಷ್ಟೂ ಹಿಂಡಿರೆಂದು ಹೇಳಿ, ಮುಳ್ಳು ತೋರಿಸಿದ ಕಿಲೋಗ್ರಾಮುಗಳನ್ನು ಬರೆದುಕೊಂಡರು. ಹಿಡಿತದ ಬಲ ಐದು ಕಿಲೋ ಕಡಿಮೆಯಾದ ಒಂದೊಂದು ಮೆಟ್ಟಲಿಗೂ ಸಾವಿನ ಸಂಭವ ನೂರಕ್ಕೆ ಹದಿನಾರರಷ್ಟು ಹೆಚ್ಚಿದ್ದುದು ಕಂಡುಬಂದಿತು. ಯಾರು ಬೇಗ ಕಾಲವಶರಾಗುವರೆಂಬುದನ್ನು ಮುಂದಾಗಿ ಸೂಚಿಸುವುದರಲ್ಲಿ, ಹೃದಯ ಸಂಕುಚಿಸುವಾಗಿನ ರಕ್ತದೊತ್ತಡಕ್ಕಿಂತಲೂ ಈ ಮುಷ್ಟಿಬಲವೇ ಹೆಚ್ಚು ಸಮರ್ಥವಾದ ಗುರುತೆಂದು ತೋರಿತು. ಪ್ರತಿಯೊಂದು ವೈದ್ಯಶಾಲೆಯ ಮೇಜಿನ ಮೇಲೂ ರಕ್ತದೊತ್ತಡದ ಯಂತ್ರವುಂಟು. ಬಲಮಾಪಕವನ್ನು ನಾವು ಕಂಡದ್ದು ಅಪರೂಪ.

ಇಲ್ಲಿ ಒಂದು ಎಚ್ಚರಿಕೆ ಹೇಳತಕ್ಕದ್ದಿದೆ. ಕೈಯ ಹಿಡಿತವು ಗುರುತೇ ಹೊರತು ಅದೇ ಕಾರಣವಲ್ಲ. ಈ ಸಂಗತಿಯನ್ನು ಕೇಳಿ, ಅಂಗಡಿಯಿಂದ ರಬ್ಬರಿನ ಚೆಂಡೊಂದನ್ನು ತಂದು ಹಗಲೂ ರಾತ್ರಿ ಹಿಸುಕುತ್ತ ಕುಳಿತರೆ ಆಯುಸ್ಸು ಬೆಳೆಯದು. ಉಷ್ಣಮಾಪಕವನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಇಳಿಯುವುದೇ? ಮುಷ್ಟಿ ಇಡೀ ಮೈಯ ಬಲಕ್ಕೆ ಒಂದು ಕಿಟಕಿ. ಒಳಗಿನ ಹಳೆಯ ರೋಗ, ಆಹಾರದ ಕೊರತೆ, ಜಡತ್ವ ಎಲ್ಲವೂ ಅದರ ಮೂಲಕ ಇಣುಕುವುವು. ಬೆಳೆಸಬೇಕಾದದ್ದು ಕಿಟಕಿಯನ್ನಲ್ಲ, ಮನೆಯನ್ನು. ಅದರಲ್ಲಿಯೂ ಮುಖ್ಯವಾಗಿ ತೊಡೆ, ಸೊಂಟ, ಬೆನ್ನುಗಳನ್ನು.

ವಯಸ್ಸಾದಂತೆ ಮಾಂಸಖಂಡಗಳಲ್ಲಿ ನಡೆಯುವುದೇನು? ನಮ್ಮ ಮಾಂಸಖಂಡಗಳು ಕೂದಲಿಗಿಂತ ತೆಳುವಾದ ತಂತುಗಳ ಕಂತೆಗಳು. ಸ್ಥೂಲವಾಗಿ ಹೇಳುವುದಾದರೆ ಈ ತಂತುಗಳಲ್ಲಿ ಎರಡು ಜಾತಿ. ಮೊದಲನೆಯವು ನಿಧಾನಗಾಮಿ, ನಿಲ್ಲುವುದು, ನಡೆಯುವುದು ಮೊದಲಾದ ದೀರ್ಘಕಾಲದ ಸೌಮ್ಯವಾದ ದುಡಿಮೆ ಇವುಗಳದು. ಎರಡನೆಯವು ಶೀಘ್ರಗಾಮಿ, ಭಾರ ಎತ್ತುವಾಗ, ಮೆಟ್ಟಲು ಹತ್ತುವಾಗ, ಕಾಲು ಎಡವಿದ ಕ್ಷಣದಲ್ಲಿ ಇನ್ನೊಂದು ಕಾಲನ್ನು ಚಿಮ್ಮಿ ಮುಂದಿಟ್ಟು ಮೈಯನ್ನು ಉಳಿಸಿಕೊಳ್ಳುವಾಗ ಇವು ಬೇಕು. ಮುಪ್ಪಿನಲ್ಲಿ ಹೆಚ್ಚಾಗಿ ಸೊರಗುವುದು ಈ ಎರಡನೆಯ ಜಾತಿಯೇ. ಬೆನ್ನುಹುರಿಯಲ್ಲಿ ಕುಳಿತು ಇವುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಒಂದೊಂದಾಗಿ ಅಳಿಯುತ್ತವೆ. ಒಡೆಯನಿಲ್ಲದ ತಂತುಗಳಲ್ಲಿ ಕೆಲವನ್ನು ನೆರೆಯ ನರ ದತ್ತು ತೆಗೆದುಕೊಳ್ಳುತ್ತದೆ, ಉಳಿದವು ನಶಿಸುತ್ತವೆ. ಅಮೆರಿಕದ ವಿದ್ವಾಂಸ ಅರ್ವಿನ್ ರೋಸೆನ್‌ಬರ್ಗ್ ಅವರು ೧೯೮೯ರಲ್ಲಿ ಪ್ರಕಟವಾದ ಬರೆಹವೊಂದರಲ್ಲಿ ಈ ಕ್ಷಯಕ್ಕೆ 'ಸಾರ್ಕೋಪೀನಿಯ' ಎಂಬ ಗ್ರೀಕ್ ಮೂಲದ ಹೆಸರನ್ನು ಸೂಚಿಸಿದರು. ಕನ್ನಡದಲ್ಲಿ ಮಾಂಸದಾರಿದ್ರ್ಯವೆನ್ನಬಹುದು. ಹೆಸರಿಲ್ಲದ ಕಷ್ಟಕ್ಕೆ ಔಷಧವನ್ನು ಯಾರೂ ಹುಡುಕರು. ಆದ್ದರಿಂದ ಹೆಸರಿಟ್ಟದ್ದೂ ಒಂದು ಉಪಕಾರವೇ.

ಜಾಲಹಳ್ಳಿಯ ಉದ್ಯಾನದ ನಡಿಗೆ ಏಕೆ ಸಾಲದೆಂಬುದು ಇದರಿಂದ ತಿಳಿಯುತ್ತದೆ. ನಡಿಗೆಯನ್ನು ನಾವು ಹಳಿಯುತ್ತಿಲ್ಲ. ಹೃದಯಕ್ಕೆ, ಶ್ವಾಸಕ್ಕೆ, ಸಕ್ಕರೆಯ ಹತೋಟಿಗೆ, ಮನಸ್ಸಿನ ಉಲ್ಲಾಸಕ್ಕೆ ಅದು ಬಹಳ ಒಳ್ಳೆಯದು, ನಡೆಯುವವರು ಬಿಡಬಾರದು. ಆದರೆ ಸಮನೆಲದ ಮೇಲಿನ ಸುಖವಾದ ನಡಿಗೆಯಲ್ಲಿ ದುಡಿಯುವವು ಬಹುಮಟ್ಟಿಗೆ ಆ ನಿಧಾನಗಾಮಿ ತಂತುಗಳೇ. ಶೀಘ್ರಗಾಮಿಗಳನ್ನು ಎಬ್ಬಿಸಬೇಕಾದರೆ ಅವುಗಳಿಗೆ ಭಾರ ಬೇಕು, ಪ್ರಯಾಸ ಬೇಕು. ಇಪ್ಪತ್ತು ವರ್ಷ ತಪ್ಪದೆ ನಡೆದವರೂ ಒಂದು ದಿನ ಸೋಫಾದಿಂದ ಏಳಲಾರದೆ ಕೈಚಾಚುವುದು ಈ ಕಾರಣದಿಂದ.

ಇನ್ನೊಂದು ಭ್ರಾಂತಿ ತೂಕದ್ದು. 'ನನ್ನ ತೂಕ ಮೂವತ್ತು ವರ್ಷದಿಂದ ಒಂದೇ' ಎಂದು ಹೆಮ್ಮೆಪಡುವವರುಂಟು. ತಕ್ಕಡಿ ಮಾಂಸವನ್ನೂ ಕೊಬ್ಬನ್ನೂ ಬೇರ್ಪಡಿಸಿ ತೂಗುವುದಿಲ್ಲ. ಹೊಟ್ಟೆ ಮುಂದೆ ಬಂದು ತೊಡೆ ಸಣ್ಣಗಾಗಿದ್ದರೂ ಮುಳ್ಳು ಅಲ್ಲಿಯೇ ನಿಲ್ಲಬಹುದು. ಅಷ್ಟೇ ಅಲ್ಲ, ಮಾಂಸದ ಗಾತ್ರವೂ ಪೂರ್ತಿ ಕಥೆಯನ್ನು ಹೇಳದು. ಅಮೆರಿಕದ ಪಿಟ್ಸ್‌ಬರ್ಗ್ ಮತ್ತು ಮೆಂಫಿಸ್ ನಗರಗಳಲ್ಲಿ ಎಪ್ಪತ್ತರಿಂದ ಎಪ್ಪತ್ತೊಂಬತ್ತರ ಪ್ರಾಯದವರನ್ನು ಪರಿಶೀಲಿಸಿ ೨೦೦೬ರಲ್ಲಿ ಪ್ರಕಟಿಸಿದ ವರದಿಯಂತೆ, ಬದುಕು ಸಾವುಗಳೊಡನೆ ಸಂಬಂಧ ತೋರಿದ್ದು ಮಾಂಸದ ಗಾತ್ರವಲ್ಲ, ಅದರ ಬಲ. ವಯಸ್ಸಿನೊಡನೆ ಬಲವು ಗಾತ್ರಕ್ಕಿಂತ ಬೇಗ ಇಳಿಯುತ್ತದೆಂಬುದೂ ಅದೇ ಗುಂಪಿನ ಜನರಲ್ಲಿ ಕಂಡುಬಂದ ಸಂಗತಿ.

ನಮಗೆ ಪರಿಚಿತರಾದ ಒಬ್ಬ ಹಿರಿಯರು ಮೂವತ್ತೈದು ವರ್ಷ ಲೇತಿನ ಮುಂದೆ ನಿಂತು ದುಡಿದವರು. ಉಕ್ಕಿನ ಗಟ್ಟಿಗಳನ್ನು ಎತ್ತಿ ಯಂತ್ರದ ಬಾಯಿಗಿಡುತ್ತಿದ್ದ ಕೈ ಅವರದು. ನಿವೃತ್ತರಾದ ಮೇಲೆ ಮಗ ನೀರಿನ ಕ್ಯಾನನ್ನು ಎತ್ತಲು ಬಿಡಲಿಲ್ಲ. ಸೊಸೆ ತರಕಾರಿಯ ಚೀಲವನ್ನು ಕೈಯಿಂದ ಕಸಿದುಕೊಂಡಳು. ಮಹಡಿಯ ಕೋಣೆಯಿಂದ ಕೆಳಗಿನ ಕೋಣೆಗೆ ಮಂಚ ಬಂದಿತು. ನೆಲದ ಮೇಲೆ ಊಟಕ್ಕೆ ಕೂರುವುದು ಬೇಡವೆಂದು ಮೇಜು ಬಂದಿತು. ಇದೆಲ್ಲವೂ ಶುದ್ಧ ಪ್ರೇಮದಿಂದ. ಹತ್ತು ವರ್ಷ ಕಳೆಯುವುದರೊಳಗಾಗಿ ಅವರು ಕುರ್ಚಿಯ ತೋಳುಗಳನ್ನು ಊರದೆ ಏಳಲಾರದವರಾದರು. ಅಪ್ಪನಿಗೆ ವಯಸ್ಸಾಯಿತೆಂದು ಮನೆಯವರು ನಿಟ್ಟುಸಿರಿಟ್ಟರು. ವಯಸ್ಸು ಆದದ್ದು ನಿಜ. ಆದರೆ ಆ ಹತ್ತು ವರ್ಷಗಳಲ್ಲಿ ಕಳೆದುಹೋದದ್ದರ ಲೆಕ್ಕವನ್ನೆಲ್ಲ ವಯಸ್ಸಿನ ಹೆಸರಿಗೆ ಬರೆಯುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ನಮ್ಮ ಸಂಸಾರಗಳಲ್ಲಿ ಹಿರಿಯರಿಗೆ ತೋರಿಸುವ ಗೌರವವೆಂದರೆ ಅವರನ್ನು ಕೂರಿಸುವುದು. ಆ ಗೌರವ ಅವರ ಕಾಲುಗಳಿಗೆ ಬಲು ದುಬಾರಿಯಾಗಿ ಬೀಳುತ್ತಿದೆ.

ಹೆಂಗಸರ ಪಾಡು ಇನ್ನೂ ಕಷ್ಟ. ಅವರ ಮೂಲಬಂಡವಾಳವೇ ಕಡಿಮೆ; ಮುಟ್ಟು ನಿಂತ ಅನಂತರ ಎಲುಬಿನ ಗಟ್ಟಿತನವೂ ಮಾಂಸದ ಬಲವೂ ಬೇಗ ಇಳಿಯತೊಡಗುತ್ತವೆ; ಮನೆಯಲ್ಲಿ ಹಾಲು ತುಪ್ಪಗಳ ಸರದಿ ಅವರಿಗೆ ಬರುವುದು ಎಲ್ಲರ ಅನಂತರ. ಹಿಂದಿನ ಕಾಲದ ಒರಳು, ಬೀಸುವ ಕಲ್ಲು, ಬಾವಿಯ ಹಗ್ಗ ಇವುಗಳನ್ನು ಹೊಗಳಿ ಹಾಡುವವರ ಗುಂಪಿಗೆ ನಾವು ಸೇರಿದವರಲ್ಲ. ಅವು ವ್ಯಾಯಾಮವಾಗಿರಲಿಲ್ಲ, ಜೀತವಾಗಿದ್ದುವು. ಹೋದದ್ದು ಒಳ್ಳೆಯದೇ ಆಯಿತು. ಆದರೆ ಅವು ಹೋದ ಜಾಗದಲ್ಲಿ ಏನನ್ನೂ ಇಡಲಿಲ್ಲ. ತೊಡೆಯೆಲುಬು ಮುರಿದುಕೊಂಡು ಮಲಗಿದ ಅಜ್ಜಿಯರ ಕಥೆ ಪ್ರತಿ ಬೀದಿಯಲ್ಲಿಯೂ ಒಂದೆರಡುಂಟು. ಸ್ನಾನದ ಮನೆಯ ನೀರು ಜಾರಿಸಿತೆನ್ನುವರು. ಜಾರಿದ ಮೈಯನ್ನು ಹಿಡಿದು ನಿಲ್ಲಿಸಬೇಕಾಗಿದ್ದ ಕಾಲು ಏಕೆ ನಿಲ್ಲಿಸಲಿಲ್ಲವೆಂದು ಕೇಳುವವರಿಲ್ಲ.

ತಮ್ಮ ಬಲವನ್ನು ತಾವೇ ಅಳೆದುಕೊಳ್ಳಲು ಬಲಮಾಪಕವೇ ಬೇಕೆಂದೇನೂ ಇಲ್ಲ. ಗೋಡೆಗೆ ಒರಗಿಸಿದ ಗಟ್ಟಿಯಾದ ಕುರ್ಚಿಯೊಂದು, ಸೆಕೆಂಡು ಮುಳ್ಳಿರುವ ಗಡಿಯಾರವೊಂದು ಸಾಕು. ಜಾಲಹಳ್ಳಿಯಲ್ಲಿ ತಯಾರಾದ ಹಳೆಯ 'ಜನತಾ' ಗಡಿಯಾರ ಮನೆಯಲ್ಲಿದ್ದರೆ ಅದಕ್ಕೆ ಕೀ ಕೊಟ್ಟು ಇದಕ್ಕೆ ಉಪಯೋಗಿಸಬಹುದು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಬಾರಿ ಪೂರ್ತಿ ಎದ್ದು ನಿಂತು ಕುಳಿತುಕೊಳ್ಳಬೇಕು. ಏಷ್ಯದ ತಜ್ಞರ ಮಂಡಲಿಯೊಂದು ೨೦೧೯ರಲ್ಲಿ ಗೊತ್ತುಮಾಡಿದ ಪ್ರಕಾರ ಇದಕ್ಕೆ ಹನ್ನೆರಡು ಸೆಕೆಂಡು ಅಥವಾ ಹೆಚ್ಚು ಹಿಡಿದರೆ ದೇಹದ ಸಾಮರ್ಥ್ಯ ತಗ್ಗಿದೆಯೆಂದು ಅರ್ಥ. ಅದೇ ಮಂಡಲಿ ಮುಷ್ಟಿಬಲದ ಕೆಳಮೇರೆಯನ್ನು ಪುರುಷರಿಗೆ ೨೮ ಕಿಲೋ, ಸ್ತ್ರೀಯರಿಗೆ ೧೮ ಕಿಲೋ ಎಂದು ಇಟ್ಟಿತು. ಒಬ್ಬರೇ ಇರುವಾಗ, ತಲೆ ಸುತ್ತುವವರು, ಈ ಪರೀಕ್ಷೆಗೆ ಇಳಿಯುವುದು ಬೇಡ.

ನೆಲದಿಂದ ಏಳುವ ಪರೀಕ್ಷೆಯೂ ಒಂದುಂಟು. ಬ್ರೆಜಿಲ್ ದೇಶದ ವೈದ್ಯ ಕ್ಲಾಡಿಯೊ ಜಿಲ್ ಅರೌಜೊ ಅವರ ತಂಡ ಐವತ್ತೊಂದರಿಂದ ಎಂಬತ್ತರ ಪ್ರಾಯದ ಎರಡು ಸಾವಿರ ಮಂದಿಗೆ ನೆಲದ ಮೇಲೆ ಕುಳಿತು ಏಳಲು ಹೇಳಿತು. ಕೈ, ಮೊಳಕಾಲು ಊರದೆ ಎದ್ದವರಿಗೆ ಪೂರ್ತಿ ಅಂಕ; ಊರಿದ ಒಂದೊಂದು ಆಸರೆಗೂ ಒಂದೊಂದು ಅಂಕ ವಜಾ. ೨೦೧೨ರಲ್ಲಿ ಹೊರಬಿದ್ದ ಫಲವೇನೆಂದರೆ, ಹತ್ತಕ್ಕೆ ಎಂಟು ಅಥವಾ ಮೇಲೆ ಪಡೆದವರಿಗಿಂತ ಮೂರು ಅಥವಾ ಕಡಿಮೆ ಪಡೆದವರಲ್ಲಿ, ಮುಂದಿನ ಆರೇಳು ವರ್ಷಗಳಲ್ಲಿ ಮರಣದ ಪ್ರಮಾಣ ಐದಾರು ಪಟ್ಟು. ನೆಲದ ಮೇಲೆ ಎಲೆ ಹಾಕಿ ಉಣ್ಣುತ್ತಿದ್ದ ನಮ್ಮ ಹಿರಿಯರಿಗೆ ಈ ಪರೀಕ್ಷೆ ದಿನಕ್ಕೆ ಎರಡು ಬಾರಿಯಾದರೂ ನಡೆಯುತ್ತಿತ್ತು. ಮಂಡಿನೋವಿರುವವರು ಮಾತ್ರ ಇದನ್ನು ಬಿಟ್ಟು ಕುರ್ಚಿಯಲ್ಲಿಯೇ ತೃಪ್ತರಾಗತಕ್ಕದ್ದು.

ಇಷ್ಟು ಕೇಳಿದ ಮೇಲೆ, 'ಆಯಿತು, ಹೋದ ಬಲ ಹೋಯಿತು; ಎಂಬತ್ತರಲ್ಲಿ ಇನ್ನೇನು ಮಾಡುವುದು?' ಎಂದು ಕೇಳುವವರುಂಟು. ಅವರಿಗೆ ಉತ್ತರ ಬೋಸ್ಟನ್ ನಗರದಿಂದ ಬಂದಿದೆ. ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ವೈದ್ಯೆ ಮರಿಯಾ ಫಿಯಟರೋನೆ ಎಂಬಾಕೆಯೂ ಆಕೆಯ ಸಹೋದ್ಯೋಗಿಗಳೂ ಎಂಬತ್ತಾರರಿಂದ ತೊಂಬತ್ತಾರರವರೆಗಿನ ಹತ್ತು ಮಂದಿ ದುರ್ಬಲ ವೃದ್ಧರನ್ನು ಆರಿಸಿಕೊಂಡು, ಎಂಟು ವಾರ ಕಾಲುಗಳಿಗೆ ಭಾರದ ಸಾಧನೆ ಮಾಡಿಸಿದರು. ಹೂವೆತ್ತಿದಂತಹ ಹಗುರ ಭಾರವಲ್ಲ. ಅವರವರ ಶಕ್ತಿಗೆ ತಕ್ಕಂತೆ ಬಹಳ ಭಾರವೇ. ೧೯೯೦ರಲ್ಲಿ ಪ್ರಕಟವಾದ ಲೆಕ್ಕದಂತೆ, ಸಾಧನೆಯನ್ನು ಪೂರೈಸಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿಯಲ್ಲಿ ನೂರಕ್ಕೆ ನೂರ ಎಪ್ಪತ್ತನಾಲ್ಕರಷ್ಟು ಏರಿತು. ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. ಸಾಧನೆ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಲ ನೂರಕ್ಕೆ ಮೂವತ್ತೆರಡರಷ್ಟು ಮತ್ತೆ ಇಳಿಯಿತೆಂಬುದನ್ನೂ ಅದೇ ವರದಿ ಹೇಳುತ್ತದೆ. ಒಂಬತ್ತು ಮಂದಿಯ ಪ್ರಯೋಗ ಬಲು ಚಿಕ್ಕದು, ನಿಜ. ಆದರೆ ಅದೇ ತಂಡ ನೂರು ಮಂದಿಯನ್ನು ತೆಗೆದುಕೊಂಡು ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗವೂ, ಅಲ್ಲಿಂದೀಚೆಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅನೇಕ ಪ್ರಯೋಗಗಳೂ ಇದನ್ನು ದೃಢಪಡಿಸಿವೆ. ಸಾಧನೆಗೆ ಮಾಂಸಖಂಡವು ಓಗೊಡದ ವಯಸ್ಸೆಂಬುದನ್ನು ಇದುವರೆಗೆ ಯಾರೂ ಕಂಡಿಲ್ಲ.

ಭಾರ ಎತ್ತುವ ವಿದ್ಯೆ ನಮಗೇನು ಹೊಸದಲ್ಲ. ಮೈಸೂರಿನ ಗರಡಿಗಳಲ್ಲಿ ಗದೆ, ಲೋಡು, ದಂಡೆ, ಬಸ್ಕಿಗಳು ತಲೆತಲಾಂತರದಿಂದ ಬಂದವು. ಬೆಂಗಳೂರಿನಲ್ಲಿಯೇ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ದೂರದೂರದವರಿಗೆ ಅಂಗಸಾಧನೆಯ ಪಾಠ ಹೇಳಿದರು. 'ಶಾಂತಲಾ' ಕಾದಂಬರಿಯನ್ನು ಬರೆದವರೂ ಇವರೇ ಎಂದರೆ ಇಂದಿನ ತರುಣರು ಅಚ್ಚರಿಪಡಬಹುದು. ಅವರು ೧೮೯೭ರಿಂದ ೧೯೮೦ರವರೆಗೆ ಬದುಕಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ತಿರುಮಲೆ ಕೃಷ್ಣಮಾಚಾರ್ಯರು ನೂರು ದಾಟಿದವರು. ಒಬ್ಬಿಬ್ಬರ ಆಯುಸ್ಸನ್ನು ಹಿಡಿದು ಶಾಸ್ತ್ರ ಕಟ್ಟಬಾರದು. ಬೀಡಿ ಸೇದಿಯೂ ತೊಂಬತ್ತು ಮುಟ್ಟಿದ ತಾತ ಪ್ರತಿ ಊರಿನಲ್ಲಿಯೂ ಒಬ್ಬನಿರುತ್ತಾನೆ. ನಾವು ಹೇಳುವುದಿಷ್ಟೇ: ಈ ಸಂಪ್ರದಾಯದಲ್ಲಿ ಸಾಮು ತರುಣರ ಸೊತ್ತಾಗಿ ಉಳಿಯಿತು. ಮದುವೆಯಾದೊಡನೆ ಗರಡಿ ಬಿಡುವುದು ವಾಡಿಕೆ. ಬಲವು ಅಲಂಕಾರವಾಗಿರುವ ವಯಸ್ಸಿನಲ್ಲಿ ಅದನ್ನು ಬೆಳೆಸಿ, ಅವಶ್ಯಕವಾಗುವ ವಯಸ್ಸಿನಲ್ಲಿ ಕೈಬಿಡುವ ಪದ್ಧತಿ ತಲೆಕೆಳಗಾದುದು.

ಮಾಡತಕ್ಕದ್ದೇನು? ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಕೊಟ್ಟ ಸಲಹೆಯಂತೆ, ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಮೈಯ ದೊಡ್ಡ ಮಾಂಸಖಂಡಗಳಿಗೆ ಬಲಸಾಧನೆ ಬೇಕು. ಅರುವತ್ತೈದು ದಾಟಿದವರಿಗೆ ಸಮತೋಲವನ್ನೂ ಬಲವನ್ನೂ ಕೂಡಿಸಿದ ಅಭ್ಯಾಸ ಮೂರು ದಿನ. ಬಹಳ ಹೊತ್ತೂ ಬೇಡ. ಹದಿನಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಜಪಾನಿನ ವಿದ್ವಾಂಸರು ೨೦೨೨ರಲ್ಲಿ ತೋರಿಸಿದಂತೆ, ವಾರಕ್ಕೆ ಒಟ್ಟು ಅರ್ಧದಿಂದ ಒಂದು ಗಂಟೆ ಇಂತಹ ಸಾಧನೆ ಮಾಡುವವರಲ್ಲಿಯೇ ಮರಣದ ಸಂಭವ ಅತ್ಯಂತ ಕಡಿಮೆಯಾಗಿ ಕಂಡಿತು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡೆ ಹೊಡೆಯುವುದು, ಅಡಿಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಎರಡು ಲೀಟರು ನೀರಿನ ಸೀಸೆಗಳನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ ಇಳಿಸುವುದು, ಇವಿಷ್ಟರಿಂದ ಆರಂಭಿಸಬಹುದು. ಜಾಲಹಳ್ಳಿಯ ಮೆಟ್ರೋ ನಿಲ್ದಾಣವೂ ಮೇಲ್ಗಡೆಯೇ ಇರುವುದರಿಂದ ಮೆಟ್ಟಲುಗಳಿಗೆ ಕೊರತೆಯಿಲ್ಲ. ಕಂಬಿ ಹಿಡಿದುಕೊಂಡೇ ಹತ್ತಲಿ. ಗುಟ್ಟು ಇರುವುದು ಒಂದರಲ್ಲಿ: ಹತ್ತು ಹನ್ನೆರಡು ಬಾರಿ ಮಾಡಿದ ಮೇಲೆ ಇನ್ನೆರಡು ಮೂರಕ್ಕಿಂತ ಹೆಚ್ಚು ಆಗದೆನ್ನುವಷ್ಟು ಪ್ರಯಾಸವಿರಬೇಕು, ಸುಲಭವಾದೊಡನೆ ಭಾರ ಹೆಚ್ಚಬೇಕು. ಉಸಿರು ಬಿಗಿಹಿಡಿಯಬಾರದು. ಹೃದ್ರೋಗವುಳ್ಳವರು, ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು ತಮ್ಮ ವೈದ್ಯರನ್ನು ಕೇಳಿಯೇ ಮೊದಲಿಡಬೇಕು.

ಆಹಾರದ ವಿಷಯದಲ್ಲಿ ಎರಡು ಮಾತು. ಮಾಂಸ ಕಟ್ಟಲು ಪ್ರೋಟೀನು ಬೇಕು. ನಮ್ಮ ದೇಶದ ೨೦೨೦ರ ಪಟ್ಟಿ ಪ್ರಾಯದವರಿಗೆ ಮೈತೂಕದ ಕಿಲೋ ಒಂದಕ್ಕೆ ೦.೮೩ ಗ್ರಾಮನ್ನು ಹೇಳುತ್ತದೆ. ವೃದ್ಧರಿಗೆ ೧ರಿಂದ ೧.೨ ಗ್ರಾಮಿನವರೆಗೆ ಬೇಕೆಂದು ಯೂರೋಪಿನ ತಜ್ಞರ ಸಮಿತಿ ೨೦೧೩ರಲ್ಲಿ ಸೂಚಿಸಿತು. ಅರುವತ್ತು ಕಿಲೋ ತೂಗುವ ಹಿರಿಯರಿಗೆ ದಿನಕ್ಕೆ ಅರುವತ್ತು ಎಪ್ಪತ್ತು ಗ್ರಾಮು ಎಂದಾಯಿತು. ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಗಂಜಿ ಎಂಬ ಸಾತ್ವಿಕ ಕ್ರಮದಲ್ಲಿ ಇದರ ಅರ್ಧವೂ ದೊರಕುವುದು ಸಂದೇಹ. ಹುರುಳಿ, ಅವರೆ, ಹೆಸರು, ಕಡಲೆಗಳಲ್ಲಿ ತೂಕದ ಸುಮಾರು ಐದನೆಯ ಒಂದು ಭಾಗ ಪ್ರೋಟೀನೇ ಇದೆ. ರಾಗಿಮುದ್ದೆಗೆ ಹುರುಳಿಯ ಸಾರನ್ನು ಜೊತೆಮಾಡಿದವರು ಬುದ್ಧಿವಂತರು. ಮೊಟ್ಟೆ, ಮೀನು ತಿನ್ನುವವರಿಗೆ ದಾರಿ ಇನ್ನೂ ಸುಗಮ. ತಿನ್ನದವರು ಹಾಲು ಮೊಸರನ್ನು ಹೆಚ್ಚಿಸಬೇಕು. ಮೂತ್ರಪಿಂಡದ ರೋಗಿಗಳಿಗೆ ಈ ಲೆಕ್ಕ ಸಲ್ಲದು.

ಕೊನೆಗೆ ರೋಗಶಯ್ಯೆಯ ಸಂಗತಿ. ಸರಾಸರಿ ಅರುವತ್ತೇಳರ ಪ್ರಾಯದ ಆರೋಗ್ಯವಂತರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಮೆರಿಕದ ಪ್ರಯೋಗವೊಂದರಲ್ಲಿ, ಅಷ್ಟರೊಳಗೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಕರಗಿತೆಂದು ೨೦೦೭ರಲ್ಲಿ ವರದಿಯಾಯಿತು. ರೋಗವೂ ಸೇರಿದರೆ ನಷ್ಟ ಇನ್ನೂ ಹೆಚ್ಚು. ಜ್ವರಕ್ಕೋ ಶಸ್ತ್ರಚಿಕಿತ್ಸೆಗೋ ಆಸ್ಪತ್ರೆ ಸೇರಿದ ಹಿರಿಯರು ರೋಗ ವಾಸಿಯಾದರೂ ಹಳೆಯ ನಡಿಗೆಗೆ ಮರಳದಿರುವುದನ್ನು ತಾವೂ ಕಂಡಿರಬಹುದು. ಆದಕಾರಣ ತಮ್ಮ ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಔಷಧ ಪಥ್ಯಗಳ ಪ್ರಶ್ನೆಯೊಡನೆ, ಹಾಸಿಗೆ ಬಿಟ್ಟು ನಿಲ್ಲಿಸುವುದು ಯಾವ ದಿನವೆಂಬ ಪ್ರಶ್ನೆಯನ್ನೂ ಮೊದಲ ದಿನವೇ ವೈದ್ಯರ ಮುಂದಿಡಿರಿ. ಮನೆಗೆ ಮರಳಿದ ಮೇಲೆ ಕುರ್ಚಿಯ ಅಭ್ಯಾಸವನ್ನು ದಿನಕ್ಕೆ ಎರಡು ಮೂರು ಬಾರಿಯಿಂದಲಾದರೂ ಸರಿಯೆ, ಅವರೊಡನೆ ತಾವೂ ಕುಳಿತು ಎದ್ದು ಮೊದಲುಮಾಡಿಸಿರಿ.